ಹಳೆಯ ಸಾಮಾನಿಗೆ ಹೊಸ ಫ್ರೇಮ್: ಕೊಡಗಿನ ಮಳೆಯಲ್ಲಿ ಯಾವುದು ಬಾಳುತ್ತದೆ?

ಮೊದಲು ತೀರ್ಪು, ಆಮೇಲೆ ವಿವರ. ರಿಮ್ ಬ್ರೇಕು, 130 ಮಿ.ಮೀ. ಹಿಂಬದಿ ಹಬ್, ಶಿಮಾನೊ ಸೋರಾ ಅಥವಾ ಟಿಯಾಗ್ರಾ ಮಟ್ಟದ ಗೇರು-ಬ್ರೇಕಿನ ಸಾಮಾನಿರುವ ರೋಡ್ ಸೈಕಲ್ಲಿನ ಫ್ರೇಮ್ ಬಿರುಕು ಬಿಟ್ಟಿದ್ದರೆ ಕೊಡಗಿನವರು ಹುಡುಕಬೇಕಾದ ಗುಣಗಳು ಇವು: ಥ್ರೆಡ್ ಇರುವ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗುವ ಬೇರಿಂಗಿನ ಜಾಗ), 27.2 ಮಿ.ಮೀ.ನ ದುಂಡನೆಯ ಸೀಟ್‌ಪೋಸ್ಟ್, 32 ಮಿ.ಮೀ. ಟೈರಿಗೂ ಅದರ ಮೇಲೊಂದು ಮಡ್‌ಗಾರ್ಡಿಗೂ ಸಾಲುವಷ್ಟು ಸಂದು. ಲೋಹ ಸ್ಟೀಲ್ ಆದರೂ ಸರಿ, ಸಾದಾ ಅಲ್ಯೂಮಿನಿಯಂ ಆದರೂ ಸರಿ. ತೂಕದ ಪ್ರಶ್ನೆ ಕೊನೆಗೆ. ಈ ಅಳತೆಗೋಲು ಹಿಡಿದು ಇಲ್ಲಿ ಮೂರು ಬಗೆಯ ಫ್ರೇಮ್ ನೋಡಿದ್ದೇವೆ: ಸರ್ಲಿ ಕ್ರಾಸ್-ಚೆಕ್, ಸೆಕೆಂಡ್ ಹ್ಯಾಂಡ್ ಆಗಿ ಸಿಗುವ ರಿಮ್ ಬ್ರೇಕಿನ ಕ್ಯಾನನ್‌ಡೇಲ್ ಕ್ಯಾಡ್12, ಆನ್‌ಲೈನಿನಲ್ಲಿ ಬರುವ ಹೆಸರಿಲ್ಲದ ಕಾರ್ಬನ್ ಡಿಸ್ಕ್ ಫ್ರೇಮ್.

ಕಾರಣ ನಮ್ಮ ಹವೆ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಬಿಡುವೇ ಕೊಡುವುದಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ಎಂಟು ಕಿಲೋಮೀಟರಿರಲಿ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವ ದಾರಿಯಿರಲಿ, ಅಂಚಿನಲ್ಲಿ ಪಾಚಿ, ತಿರುವಿನಲ್ಲಿ ಕೊಚ್ಚಿಬಂದ ಕೆಂಪುಮಣ್ಣು, ಮರದಡಿಯಲ್ಲಿ ಕೊಳೆತ ಎಲೆ. ಮಳೆ ನಿಂತ ಮೇಲೂ ಮಂಜಿಗೆ ಶೆಡ್ಡಿನೊಳಗಿನ ಸೈಕಲ್ಲೇ ಬೆವರುತ್ತದೆ. ಮಣ್ಣು ಬೆರೆತ ನೀರು ಬೇರಿಂಗನ್ನು ಅರೆಯುತ್ತದೆ, ಎರಡು ಬೇರೆ ಲೋಹಗಳು ತಾಗುವ ಕಡೆ ಅವನ್ನು ಬೆಸೆದೇಬಿಡುತ್ತದೆ. ಇನ್ನೊಂದು ಕಾರಣ ದೂರ. ರೈಲು ಹಳಿಯೇ ಇಲ್ಲದ ಜಿಲ್ಲೆ ಇದು. ಪ್ರೆಸ್‌ಫಿಟ್ ಬೇರಿಂಗ್ (ಥ್ರೆಡ್ ಇಲ್ಲದೆ ಒತ್ತಿ ಕೂರಿಸುವಂಥದ್ದು) ಒತ್ತುವ ಉಪಕರಣ ಬೇಕೆಂದರೆ ಮಡಿಕೇರಿಯಿಂದ 120 ಕಿ.ಮೀ. ದೂರದ ಮೈಸೂರಿಗೆ ಹೋಗಬೇಕಾಗಬಹುದು. ಮನೆಯ ಸ್ಪ್ಯಾನರಿನಲ್ಲಿ ಬಿಚ್ಚಿ ಕೂರಿಸಬಹುದಾದ ಫ್ರೇಮಿಗೆ ಇಲ್ಲಿ ಬೆಲೆ ಹೆಚ್ಚು.

ಕೊಳ್ಳುವ ಮೊದಲು ಹಳೆಯ ಸೈಕಲ್ಲನ್ನು ಅಳೆಯಬೇಕು. ಇನ್ನೂರೋ ಮುನ್ನೂರೋ ಕೊಟ್ಟು ಒಂದು ವರ್ನಿಯರ್ ಕ್ಯಾಲಿಪರ್ ಕೊಂಡರೆ ಸಾವಿರಗಟ್ಟಲೆ ಉಳಿಯುತ್ತದೆ. ಮೊದಲ ಅಳತೆ ಬಾಟಮ್ ಬ್ರಾಕೆಟ್ಟಿನದು, ಏಕೆಂದರೆ ಅತಿ ಹೆಚ್ಚು ತಪ್ಪುವುದು ಅಲ್ಲಿಯೇ. ಶೆಲ್ಲಿನ (ಬಾಟಮ್ ಬ್ರಾಕೆಟ್ ಕೂರುವ ಅಡ್ಡಕೊಳವೆಯ) ಅಗಲ 68 ಮಿ.ಮೀ. ಇದ್ದು ಒಳಗೆ ಥ್ರೆಡ್ ಇದ್ದರೆ ಅದು ಬಿಎಸ್‌ಎ: 1.37 ಇಂಚು, ಇಂಚಿಗೆ 24 ಥ್ರೆಡ್. ಇದರಲ್ಲಿ ಬಲಗಡೆಯ ಕಪ್ಪಿಗೆ (ಬೇರಿಂಗ್ ಹಿಡಿದಿರುವ ಬಟ್ಟಲಿಗೆ) ಎಡಥ್ರೆಡ್. ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಸ್ಪ್ಯಾನರಿಗೆ ಕೊಳವೆ ತೂರಿಸಿ ಎಳೆದವರು ಕಪ್ಪಿನ ಹಲ್ಲು ಹಾರಿಸುತ್ತಾರೆ. ಅಗಲ 70 ಇದ್ದರೆ ಇಟಾಲಿಯನ್, ಎರಡೂ ಕಡೆ ಬಲಥ್ರೆಡ್ಡೇ. 86.5 ಅಗಲ, 41 ಒಳವ್ಯಾಸವಾದರೆ ಶಿಮಾನೊ ಬಗೆಯ ಪ್ರೆಸ್‌ಫಿಟ್. ಅಗಲ 68, ಒಳವ್ಯಾಸ 42 ಆದರೆ ಬಿಬಿ30. ಅದೇ ಅಗಲಕ್ಕೆ ಒಳವ್ಯಾಸ 46 ಆದರೆ ಪಿಎಫ್30. ಟಿ47 ಎಂಬುದು ಹೊಸ ದೊಡ್ಡ ಥ್ರೆಡ್. ಒಳ್ಳೆಯದೇ, ಆದರೆ ಅದರ ಕಪ್ಪು ಹೊರಗಿಂದ ತರಿಸಬೇಕು. ಶಿಮಾನೊ ಹಾಲೋಟೆಕ್ 2 ಕ್ರ್ಯಾಂಕಿನ ಅಚ್ಚು 24 ಮಿ.ಮೀ. ಬಿಎಸ್‌ಎ ಶೆಲ್ಲಿಗೆ ಅದರ ಕಪ್ಪು ನೇರ ಕೂರುತ್ತದೆ, ಬಿಗಿತ 35ರಿಂದ 50 ನ್ಯೂಟನ್ ಮೀಟರ್. ಉಳಿದವಕ್ಕೆ ಅಡಾಪ್ಟರ್ ಬೇಕು, ಇಲ್ಲವೇ ಬೇರೆಯದೇ ಬೇರಿಂಗ್.

ಎರಡನೆಯದು ಹಿಂದಿನ ಡ್ರಾಪ್‌ಔಟ್ (ಚಕ್ರದ ಅಚ್ಚು ಕೂರುವ ಕಚ್ಚು) ಅಂತರ. ಹಳೆಯ ಆರು-ಏಳು ಗೇರಿನ ರೋಡ್ ಫ್ರೇಮ್ 126, ರಿಮ್ ಬ್ರೇಕಿನ ಈಚಿನವು 130, ಕ್ವಿಕ್ ರಿಲೀಸ್ ಡಿಸ್ಕಿನವು 135, ಥ್ರೂ ಆಕ್ಸಲ್ (ಫ್ರೇಮಿಗೇ ತಿರುಪಿ ಬಿಗಿಯುವ ಅಚ್ಚು) ಡಿಸ್ಕಿನವು 142. ಸ್ಟೀಲ್ ಫ್ರೇಮನ್ನು 126ರಿಂದ 130ಕ್ಕೆ ಬಾಗಿಸಿ ಅಗಲಿಸಬಹುದು. ಪ್ರತಿ ಕಡೆಗೆ ಎರಡೇ ಮಿ.ಮೀ. ಅಲ್ಯೂಮಿನಿಯಂ, ಕಾರ್ಬನ್‌ಗಳಲ್ಲಿ ಆ ಸಾಹಸ ಬೇಡ. ಅಂಗಡಿಯವರು "ಸ್ವಲ್ಪ ಎಳೆದರೆ ಕೂರುತ್ತೆ ಸರ್" ಎಂದರೆ ಫ್ರೇಮನ್ನು ವಾಪಸ್ ಅವರ ಕೈಗೇ ಕೊಡಿ.

ಸರ್ಲಿ ಕ್ರಾಸ್-ಚೆಕ್ 4130 ಕ್ರೋಮೋಲಿ ಸ್ಟೀಲಿನದು. ಇದರ ಡ್ರಾಪ್‌ಔಟ್ ಅಂತರ 132.5, ಬೇಕೆಂದೇ ಹಾಗೆ ಮಾಡಿದ್ದು, 130ರ ಹಬ್ಬೂ ಕೂರುತ್ತದೆ, 135ರದ್ದೂ ಕೂರುತ್ತದೆ. ಬಿಎಸ್‌ಎ 68ರ ಶೆಲ್, 27.2 ಸೀಟ್‌ಪೋಸ್ಟ್, ನೇರ 1⅛ ಇಂಚಿನ ಫೋರ್ಕ್, ಕಪ್ಪು ಹೊರಗಿರುವ ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗು): ಇವುಗಳ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಸೀಟ್ ಟ್ಯೂಬಿನ ಹೊರವ್ಯಾಸ 28.6, ಹಾಗಾಗಿ ಬ್ರೇಜ್‌ಆನ್ ಬಗೆಯ (ಕ್ಲ್ಯಾಂಪ್ ಇಲ್ಲದೆ ಫ್ರೇಮಿನ ಕೊಂಡಿಗೆ ಬಿಗಿಯುವ) ಮುಂದಿನ ಡಿರೇಲರ್ ಇದ್ದವರು ಅದೇ ಅಳತೆಯ ಕ್ಲ್ಯಾಂಪ್ ಅಡಾಪ್ಟರ್ ತರಿಸಬೇಕು. ಟೈರ್ 42 ಮಿ.ಮೀ. ತನಕ ಹಿಡಿಯುತ್ತದೆ; ಕಾಫಿ ತೋಟದ ಜಲ್ಲಿ ದಾರಿಗೂ ಇಳಿಯಬಹುದು. ಡ್ರಾಪ್‌ಔಟಿನಲ್ಲೇ ಹ್ಯಾಂಗರ್ (ಹಿಂದಿನ ಡಿರೇಲರ್ ತೂಗುವ ಕಿವಿ) ಸೇರಿಕೊಂಡಿದೆ, ಬೇರೆ ತುಂಡಲ್ಲ. ಇದು ಕೊರತೆ ಎನಿಸಬಹುದು, ಆದರೆ ಸ್ಟೀಲ್ ಆದ್ದರಿಂದ ಬಾಗಿದರೆ ಗೇಜ್ ಹಾಕಿ ನೆಟ್ಟಗೆ ಮಾಡಲು ಬರುತ್ತದೆ.

ಇದರ ದೊಡ್ಡ ತೊಡಕು ಬ್ರೇಕು. ರೋಡ್ ಕ್ಯಾಲಿಪರ್ ಇದಕ್ಕೆ ಕೂರುವುದಿಲ್ಲ, ಕ್ಯಾಂಟಿಲಿವರ್ (ಚಕ್ರದ ಎರಡು ಬದಿಗೂ ಒಂದೊಂದು ತೋಳಿರುವ ಬ್ರೇಕ್) ಬೇಕು. ಇಲ್ಲವೇ ತೋಳಿನ ಉದ್ದ 80ರಿಂದ 90 ಮಿ.ಮೀ. ಇರುವ ಮಿನಿ-ವಿ. ಮೌಂಟನ್ ಸೈಕಲ್ಲಿನ ಪೂರ್ಣ ಉದ್ದದ ವಿ-ಬ್ರೇಕನ್ನು ರೋಡ್ ಲಿವರಿಗೆ ಕಟ್ಟಿದರೆ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ಸೈಕಲ್ ನಿಲ್ಲುವುದಿಲ್ಲ. ಲಿವರ್ ಎಳೆಯುವ ಕೇಬಲ್ಲಿನ ಉದ್ದ ಅದಕ್ಕೆ ಸಾಲದು. ಮಿನಿ-ವಿ ಹಾಕಿದರೆ ರಿಮ್ಮಿಗೂ ಪ್ಯಾಡಿಗೂ ನಡುವೆ ಸಂದು ಕಿರಿದಾಗುತ್ತದೆ, ಚಕ್ರ ಒಂದೆರಡು ಮಿ.ಮೀ. ವಾಲಿದರೂ ಉಜ್ಜುತ್ತದೆ. ಮಣ್ಣಿನ ದಿನಗಳಲ್ಲಿ ಕ್ಯಾಂಟಿಲಿವರೇ ಮೇಲು.

ಫ್ರೇಮ್ ಸುಮಾರು 2.2 ಕಿಲೋ, ಫೋರ್ಕ್ ಒಂದು ಕಿಲೋ. ತೂಕ ನೋಡಿ ಮುಖ ಸಿಂಡರಿಸುವವರಿಗೆ ಒಂದು ಲೆಕ್ಕ. ಹಗುರವಾದ ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು ಎರಡೂ ಸೇರಿ ಒಂದೂವರೆ ಕಿಲೋ ಎಂದಿಟ್ಟುಕೊಂಡರೆ ವ್ಯತ್ಯಾಸ 1.7 ಕಿಲೋ. ಸವಾರ, ಸೈಕಲ್ ಸೇರಿ 80 ಕಿಲೋ ಆದರೆ ಅದು ನೂರಕ್ಕೆ ಎರಡು ಪಾಲು. ಸಂಪಾಜೆಯಿಂದ ಮಡಿಕೇರಿಗೆ ಹತ್ತಲು ಒಂದೂವರೆ ಗಂಟೆ ಬೇಕಾಗುವವರಿಗೆ ತಡವಾಗುವುದು ಎರಡು ನಿಮಿಷದೊಳಗೆ. ಪಂದ್ಯಕ್ಕೆ ಹೋಗುವವರ ಮಾತು ಬೇರೆ.

ಕ್ಯಾಡ್12 ಆ ಹಗುರದ ಕಡೆಯದು. ಫ್ರೇಮ್ ಸುಮಾರು 1.1 ಕಿಲೋ, ಹಿಡಿತ ಚುರುಕು, ಒಣರಸ್ತೆಯಲ್ಲಿ ಕುಶಾಲನಗರದ ಕಡೆಯ ಬಯಲಿಗೆ ಇದಕ್ಕಿಂತ ಖುಷಿ ಕೊಡುವ ಅಲ್ಯೂಮಿನಿಯಂ ಫ್ರೇಮ್ ಕಡಿಮೆ. ಆದರೆ ಬದಲಿ ಫ್ರೇಮ್ ಎಂದು ನೋಡಿದರೆ ಪ್ರತಿ ಕೀಲಿನಲ್ಲೂ ಬೇರೆ ಅಳತೆ. ಬಾಟಮ್ ಬ್ರಾಕೆಟ್ ಬಿಬಿ30ಎ: ಶೆಲ್ಲಿನ ಅಗಲ 73, ಹೆಚ್ಚಾದ ಐದು ಮಿ.ಮೀ. ಎಡಗಡೆಗಷ್ಟೇ ಹೋಗಿದೆ. ಶಿಮಾನೊ ಕ್ರ್ಯಾಂಕ್ ಹಾಕಲು ಆ 73ಕ್ಕೇ ಮಾಡಿದ ಅಡಾಪ್ಟರ್ ಬೇಕು; 68ರ ಬಿಬಿ30ಕ್ಕೆ ಮಾಡಿದ್ದು ಕೂರಿಸಿದರೆ ಚೈನ್‌ಲೈನ್ (ಚೈನು ಓಡುವ ನೇರ) ತಪ್ಪುತ್ತದೆ. ಸೀಟ್‌ಪೋಸ್ಟ್ 25.4, ನಿಮ್ಮ 27.2 ಮೂಲೆಗೆ. ಟೈರ್ 28ಕ್ಕೆ ಮುಗಿಯಿತು, ಅದರ ಮೇಲೆ ಪೂರ್ಣ ಮಡ್‌ಗಾರ್ಡಿಗೆ ಸಂದಿಲ್ಲ. ಫೋರ್ಕು, ಹೆಡ್‌ಸೆಟ್ಟು ಎರಡನ್ನೂ ಫ್ರೇಮಿನ ಜೊತೆಗೇ ಕೊಳ್ಳಬೇಕು. ಟೇಪರ್ (ಕೊಳವೆ ಕೆಳಗೆ ದಪ್ಪವಾಗುವ) ಫೋರ್ಕ್ ಎಂದ ಮಾತ್ರಕ್ಕೆ ಕೆಳಗಿನ ಬೇರಿಂಗ್ ಎಲ್ಲಕ್ಕೂ ಒಂದೇ ಅಳತೆಯಲ್ಲ.

ಒತ್ತಿ ಕೂರಿಸುವ ಬೇರಿಂಗ್ ಕಿರುಗುಟ್ಟುವುದಕ್ಕೆ ಮಳೆ ಮಾತ್ರ ಕಾರಣವಲ್ಲ. ಶೆಲ್ಲಿನ ರಂಧ್ರ ಕೂದಲೆಳೆಯಷ್ಟು ದೊಡ್ಡದಿದ್ದರೂ, ಎರಡು ಬದಿಗಳು ಒಂದೇ ರೇಖೆಯಲ್ಲಿ ಇಲ್ಲದಿದ್ದರೂ ಬೇರಿಂಗ್ ತುಳಿದಾಗಲೆಲ್ಲ ಅಲುಗುತ್ತದೆ. ಆ ಸಂದಿಗೆ ಸೀಟ್ ಟ್ಯೂಬಿನಿಂದ ಇಳಿದ ನೀರು, ಮಣ್ಣಿನ ಕಣ ಹೋದರೆ ಸದ್ದು ಶುರು. ಎರಡು ಕಪ್ಪುಗಳು ಒಳಗೆ ಒಂದಕ್ಕೊಂದು ತಿರುಪಿಕೊಳ್ಳುವ ಬಗೆಯ ಬಾಟಮ್ ಬ್ರಾಕೆಟ್ ಹಾಕಿದರೆ ಮುಕ್ಕಾಲುಪಾಲು ನಿಲ್ಲುತ್ತದೆ. ನವೆಂಬರಿಂದ ಮೇ ತನಕ ಮಾತ್ರ ಓಡಿಸಿ ಮಳೆಗಾಲದಲ್ಲಿ ಸೈಕಲ್ ಒಳಗಿಡುವವರಿಗೆ ಕ್ಯಾಡ್12 ಒಳ್ಳೆಯ ಕೊಳ್ಳುವಿಕೆಯೇ. ವರ್ಷವಿಡೀ ಓಡಿಸುವವರಿಗೆ ಅಲ್ಲ.

ಹೆಸರಿಲ್ಲದ ಕಾರ್ಬನ್ ಫ್ರೇಮಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಫ್ರೇಮ್ ಎಷ್ಟೇ ಗಟ್ಟಿ ಇರಲಿ, ಲೆಕ್ಕ ಹೊಂದುವುದಿಲ್ಲ: ಅದು ಡಿಸ್ಕ್ ಫ್ರೇಮ್, ನಿಮ್ಮಲ್ಲಿರುವುದು ರಿಮ್ ಬ್ರೇಕಿನ ಚಕ್ರ. ಎರಡೂ ಚಕ್ರ, ಕ್ಯಾಲಿಪರ್, ರೋಟರ್, ಹಲವು ಸಲ ಹ್ಯಾಂಡಲ್‌ಬಾರು, ಅದನ್ನು ಫೋರ್ಕಿಗೆ ಹಿಡಿಸುವ ಸ್ಟೆಮ್ಮೂ ಹೊಸದಾಗಬೇಕು, ಏಕೆಂದರೆ ಕೇಬಲ್ಲೆಲ್ಲ ಹೆಡ್‌ಸೆಟ್ಟಿನ ಒಳಗಿಂದ ಹೋಗುತ್ತದೆ. ಅಂಥ ಸೈಕಲ್ಲಿನಲ್ಲಿ ಒಂದು ಮೇಲ್‌ಬೇರಿಂಗ್ ತುಕ್ಕು ಹಿಡಿದರೆ ಕೇಬಲ್ಲು, ಹೋಸು ಎಲ್ಲ ಕಳಚಬೇಕು. ಕೊಡಗಿನಲ್ಲಿ ಮೇಲ್‌ಬೇರಿಂಗ್ ತುಕ್ಕು ಹಿಡಿದೇ ಹಿಡಿಯುತ್ತದೆ. ಥ್ರೂ ಆಕ್ಸಲ್ಲಿನ ಥ್ರೆಡ್ ಪಿಚ್ಚು 1.0, 1.5, 1.75 ಎಂದು ಮೂರು ಬಗೆ. ಆಕ್ಸಲ್ ಇಲ್ಲದೆ ಬಂದ ಫ್ರೇಮಿಗೆ ಜೋಡಿ ಹುಡುಕುವುದೇ ಒಂದು ಕೆಲಸವಾದೀತು.

ಹಾಗೆಂದು ಡಿಸ್ಕೇ ಬೇಡ ಎಂದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಾಟಿ ಇಳಿಯುವವರಿಗೆ ಡಿಸ್ಕಿನಷ್ಟು ನೆಮ್ಮದಿ ರಿಮ್ಮಿನಲ್ಲಿಲ್ಲ. ಒದ್ದೆ ರಿಮ್ಮಿನ ಮೇಲೆ ಪ್ಯಾಡ್ ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತದೆ, ನಡುವೆ ಸಿಕ್ಕ ಮರಳು ರಿಮ್ಮಿನ ಗೋಡೆಯನ್ನೇ ಸವೆಸುತ್ತದೆ. ಆದರೆ ಆ ಬಯಕೆಯಿದ್ದವರು ಫ್ರೇಮ್ ಕೊಳ್ಳುವ ಬದಲು ಸೆಕೆಂಡ್ ಹ್ಯಾಂಡ್ ಡಿಸ್ಕ್ ಸೈಕಲ್ಲನ್ನೇ ಇಡಿಯಾಗಿ ಕೊಂಡು, ಹಳೆಯದರ ಶಿಫ್ಟರ್, ಕ್ರ್ಯಾಂಕ್ ಬಿಡಿಯಾಗಿ ಮಾರುವುದು ಅಗ್ಗ. ಡಿಸ್ಕಿಗೆ ಹೋಗಿಯೂ ಹಳೆಯ ಕೇಬಲ್ ಶಿಫ್ಟರ್ ಉಳಿಸಿಕೊಳ್ಳುವುದಾದರೆ ರೋಡ್ ಲಿವರಿಗೆ ಹೊಂದುವ ಮೆಕ್ಯಾನಿಕಲ್ ಕ್ಯಾಲಿಪರ್ ಸಾಕು.

ಎಲ್ಲ ಸಾಮಾನನ್ನೂ ಉಳಿಸಿಕೊಳ್ಳಬೇಕು ಎನ್ನುವವರಿಗೆ ಈ ಮೂರಕ್ಕಿಂತ ಹೊಂದುವುದು ಉದ್ದ ರೀಚ್ ಕ್ಯಾಲಿಪರಿಗೆ ಮಾಡಿದ ಸ್ಟೀಲ್ ಅಥವಾ ಅಲ್ಯೂಮಿನಿಯಂ ಟೂರಿಂಗ್-ರೋಡ್ ಫ್ರೇಮ್. ಬ್ರೇಕ್ ಬೋಲ್ಟಿನ ರಂಧ್ರದಿಂದ ರಿಮ್ಮಿನಲ್ಲಿ ಪ್ಯಾಡ್ ಕೂರುವ ಪಟ್ಟಿಯ ನಡುವಿನ ತನಕ ಅಳೆಯಿರಿ. 39-49 ಆದರೆ ಮಾಮೂಲಿ ಕ್ಯಾಲಿಪರು, 47-57 ಆದರೆ ಉದ್ದದ್ದು. ಶಿಮಾನೊ ಆರ್451 ಈ ಎರಡನೇ ಬಗೆಯದು. ಬದಲಾಗುವುದು ಕ್ಯಾಲಿಪರ್ ಜೋಡಿ ಮಾತ್ರ, ಸಿಗುವುದು ಮಡ್‌ಗಾರ್ಡಿನ ಜಾಗ. ಟೈರಿನ ಅಗಲ ಪಕ್ಕದಲ್ಲಿ ಬರೆದಿದ್ದನ್ನು ನಂಬಬೇಡಿ: ಒಳ ಅಗಲ 21 ಇರುವ ಇಂದಿನ ರಿಮ್ಮಿನ ಮೇಲೆ 28 ಎಂದು ಬರೆದ ಟೈರ್ 30ರ ಹತ್ತಿರ ಬರುತ್ತದೆ. ಟೈರಿಗೂ ಚೈನ್‌ಸ್ಟೇಗೂ (ಹಿಂಚಕ್ರದ ಪಕ್ಕದ ಕೆಳಗೊಳವೆಗೂ) ನಡುವೆ ಎರಡೂ ಪಕ್ಕ ನಾಲ್ಕು ಮಿ.ಮೀ. ಉಳಿಯದಿದ್ದರೆ ಕೆಂಪುಮಣ್ಣು ಕಚ್ಚಿಕೊಂಡು ಬಣ್ಣವನ್ನೂ ಆಮೇಲೆ ಲೋಹವನ್ನೂ ಉಜ್ಜುತ್ತದೆ.

ಸೈಜ್ ವಿಷಯಕ್ಕೆ ಬಂದರೆ 54, 56 ಎಂಬ ಅಂಕಿಯಿಂದ ಪ್ರಯೋಜನವಿಲ್ಲ, ಒಬ್ಬೊಬ್ಬರ 54 ಒಂದೊಂದು ತರ. ಸ್ಟ್ಯಾಕ್ (ಬಾಟಮ್ ಬ್ರಾಕೆಟ್ಟಿನಿಂದ ಮುಂಗೊಳವೆಯಾದ ಹೆಡ್ ಟ್ಯೂಬಿನ ತಲೆಗೆ ಇರುವ ಎತ್ತರ), ರೀಚ್ (ಅವೆರಡರ ನಡುವಿನ ಅಡ್ಡದೂರ) ಎರಡನ್ನೇ ನೋಡಿ, ಅವನ್ನೂ ಬಿಡಿಬಿಡಿಯಾಗಿ ಅಲ್ಲ. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ ಹ್ಯಾಂಡಲ್ 10 ಮಿ.ಮೀ. ಮೇಲೆ ಹೋದರೆ 3 ಮಿ.ಮೀ. ಹಿಂದೆ ಬರುತ್ತದೆ, ಇದು 73 ಡಿಗ್ರಿ ಕೋನಕ್ಕೆ. ಹಳೆಯ ಫ್ರೇಮ್ ಸ್ಟ್ಯಾಕ್ 560, ರೀಚ್ 385, ಸ್ಟೆಮ್ಮಿನ ಕೆಳಗೆ 15 ಮಿ.ಮೀ. ಸ್ಪೇಸರ್ ಇತ್ತೆನ್ನಿ. ಹೊಸದು ಸ್ಟ್ಯಾಕ್ 575, ರೀಚ್ 380. ಕಾಗದದ ಮೇಲೆ ಐದು ಮಿ.ಮೀ. ಗಿಡ್ಡ. ಆದರೆ ಆ 15ರ ಸ್ಪೇಸರ್ ತೆಗೆದರೆ ಎತ್ತರವೂ ಅದೇ, ದೂರವೂ ಅದೇ. ಹಳೆಯ ಸ್ಟೆಮ್ಮೇ ಸಾಕು. ಹಳೆಯದರಲ್ಲಿ ಸ್ಪೇಸರೇ ಇರಲಿಲ್ಲ ಎಂದಾದರೆ ಹೊಸದರಲ್ಲಿ ಹ್ಯಾಂಡಲ್ ಹದಿನೈದು ಮಿ.ಮೀ. ಮೇಲೆಯೇ ಉಳಿಯುತ್ತದೆ, ಕೆಳಗಿಳಿಸಲು ದಾರಿ ಕೆಳಮುಖದ ಸ್ಟೆಮ್ ಒಂದೇ.

ಫೋರ್ಕ್ ಉಳಿಸಿ ಫ್ರೇಮ್ ಮಾತ್ರ ಬದಲಿಸುವವರು ಆಕ್ಸಲ್ಲಿನಿಂದ ಕ್ರೌನಿನ (ಫೋರ್ಕಿನ ಎರಡು ಕಾಲು ಸೇರುವ ತಲೆಯ) ತನಕದ ಉದ್ದ ನೋಡಬೇಕು. ರೋಡ್ ಫೋರ್ಕ್ 370ರ ಆಸುಪಾಸು, ಕ್ರಾಸ್-ಚೆಕ್ ಬಗೆಯದು 400. ಮೂವತ್ತು ಮಿ.ಮೀ. ಉದ್ದದ ಫೋರ್ಕ್ ಹಾಕಿದರೆ ಹೆಡ್ ಕೋನ ಒಂದೂವರೆ ಡಿಗ್ರಿಗಿಂತ ಹೆಚ್ಚು ಮಲಗುತ್ತದೆ, ಬಾಟಮ್ ಬ್ರಾಕೆಟ್ ಮೇಲೇಳುತ್ತದೆ, ತಿರುವಿನಲ್ಲಿ ಸೈಕಲ್ ಹೊರಳಲು ಸೋಮಾರಿಯಾಗುತ್ತದೆ. ಇಂಟಿಗ್ರೇಟೆಡ್ ಹೆಡ್‌ಸೆಟ್ಟಾದರೆ ಬೇರಿಂಗಿನ ಮೇಲೆ ಬರೆದ ಕೋನವನ್ನೂ ನೋಡಿ: 36×45 ಎಂಬುದೂ 45×45 ಎಂಬುದೂ ಹೊರವ್ಯಾಸ ಒಂದೇ ಇದ್ದರೂ ಅದಲುಬದಲಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಫ್ರೇಮ್ ಬೆಳಕಿನಲ್ಲಿ ನೋಡಬೇಕು, ತೊಳೆದು ನೋಡಬೇಕು. ಡೌನ್ ಟ್ಯೂಬಿನ ಅಡಿಯಲ್ಲಿ, ಹೆಡ್ ಟ್ಯೂಬಿನಿಂದ ಒಂದೆರಡು ಅಂಗುಲ ಹಿಂದೆ ಬೆರಳಾಡಿಸಿ: ಬಣ್ಣ ಸುಕ್ಕುಗಟ್ಟಿದ್ದರೆ ಮುಂದಿನಿಂದ ಏಟು ಬಿದ್ದಿದೆ. ಸೀಟ್ ಟ್ಯೂಬಿನ ಸೀಳಿನ ಬುಡ, ಬಾಟಮ್ ಬ್ರಾಕೆಟ್ ಸುತ್ತಲಿನ ವೆಲ್ಡು, ಬಲಗಡೆಯ ಡ್ರಾಪ್‌ಔಟು, ಈ ಮೂರು ಕಡೆ ಬಿರುಕು ಹೆಚ್ಚು. ಬಿಳಿ ಹತ್ತಿಬಟ್ಟೆಯಿಂದ ಒರೆಸಿದರೆ ಬಿರುಕಿಗೆ ನೂಲು ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಕೇಬಲ್ ಸ್ಟಾಪ್ ಸುತ್ತ ಬಣ್ಣ ಗುಳ್ಳೆಯೆದ್ದು ಅಡಿಯಲ್ಲಿ ಬಿಳಿಪುಡಿ ಕಂಡರೆ ಒಳಗೆ ಕೊರೆತ ಶುರುವಾಗಿದೆ. ನೇರ ಇದೆಯೇ ಎಂದು ನೋಡಲು ಒಂದು ದಾರ ಸಾಕು: ಒಂದು ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದಕ್ಕೆ ಬಿಗಿಯಾಗಿ ಕಟ್ಟಿ, ಸೀಟ್ ಟ್ಯೂಬಿನಿಂದ ದಾರಕ್ಕಿರುವ ದೂರ ಎರಡೂ ಕಡೆ ಅಳೆಯಿರಿ. ಒಂದೆರಡು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇಡ. ಸೀಟ್‌ಪೋಸ್ಟ್ ಕಣ್ಣೆದುರೇ ಹೊರಗೆ ಬರಬೇಕು. "ಮನೆಗೆ ಹೋಗಿ ಎಣ್ಣೆ ಬಿಟ್ಟರೆ ಬರುತ್ತೆ" ಎಂಬ ಮಾತಿಗೆ ಫ್ರೇಮಿನ ಬೆಲೆ ಸೊನ್ನೆ. ಬಾಟಮ್ ಬ್ರಾಕೆಟ್ ಅಡಿಯ ಸೀರಿಯಲ್ ನಂಬರಿನ ಫೋಟೊ ತೆಗೆದು ಬಿಲ್ಲಿನ ಜೊತೆ ತಾಳೆ ನೋಡಿ.

ಬಿರುಕು ಬಿಟ್ಟ ಹಳೆಯದನ್ನೇ ವೆಲ್ಡ್ ಮಾಡಿಸಬಾರದೇ? ಸ್ಟೀಲಾದರೆ, ತೆಳುಕೊಳವೆಯ ಕೆಲಸ ಗೊತ್ತಿರುವವರು ಸಿಕ್ಕರೆ, ಆಗಬಹುದು. ಒಳ್ಳೆಯ ಕೊಳವೆಯ ನಡುಭಾಗ 0.6 ಮಿ.ಮೀ. ದಪ್ಪ ಅಷ್ಟೇ, ಗೇಟು, ಗ್ರಿಲ್ ಬೆಸೆಯುವ ಕೈಗೆ ಅದು ಕ್ಷಣದಲ್ಲಿ ತೂತಾಗುತ್ತದೆ. 6061 ಅಲ್ಯೂಮಿನಿಯಂ ಬೆಸೆದ ಮೇಲೆ ಇಡೀ ಫ್ರೇಮನ್ನು ಮತ್ತೆ ಕಾಯಿಸಿ ಹದ ಮಾಡದಿದ್ದರೆ ಬೆಸುಗೆಯ ಪಕ್ಕ ಮೆತ್ತಗಾಗಿ ಅಲ್ಲೇ ಮುರಿಯುತ್ತದೆ, ಆ ಸೌಲಭ್ಯ ಊರ ವರ್ಕ್‌ಶಾಪಿನಲ್ಲಿಲ್ಲ. ಅದಕ್ಕೂ ಮೊದಲು, ನೀವೇ ಮೊದಲ ಒಡೆಯರಾಗಿದ್ದು ಬಿಲ್ ಇದ್ದರೆ ವಾರಂಟಿ ಕೇಳಿ. ಬದಲಿಗೆ ಡಿಸ್ಕ್ ಮಾಡೆಲ್ ಕೊಡುತ್ತೇವೆ ಎಂದರೆ ಮೇಲಿನ ಚಕ್ರದ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ.

ಜೋಡಣೆಯಲ್ಲಿ ಹೊಸ ಸ್ಟೀಲ್ ಫ್ರೇಮಿಗೆ ಮೊದಲ ಕೆಲಸ ಶೆಲ್ಲಿನ ಥ್ರೆಡ್ಡಿನಿಂದ ಬಣ್ಣ ತೆಗೆಸಿ ಎರಡೂ ಮುಖ ಸಮ ಮಾಡಿಸುವುದು. ಮುಖ ಓರೆಯಿದ್ದರೆ ಹೊಸ ಬೇರಿಂಗೂ ಬೇಗ ಸಾಯುತ್ತದೆ. ಇದಕ್ಕೆ ಸೈಕಲ್ಲಿನದೇ ಟ್ಯಾಪ್ ಬೇಕು, ಲೇತ್ ಅಂಗಡಿಯ ಮಾಮೂಲಿ ಟ್ಯಾಪ್ ನಡೆಯದು. ಮೈಸೂರಿಗೆ ಹೋಗುವ ಮುನ್ನ ಅಂಗಡಿಗೆ ಫೋನ್ ಮಾಡಿ, ಟ್ಯಾಪ್ ಇದೆಯೇ, ಹೆಡ್‌ಸೆಟ್ ಪ್ರೆಸ್ ಇದೆಯೇ ಎಂದು ಕೇಳಿ, ಎರಡನ್ನೂ ಒಂದೇ ಸಲ ಮುಗಿಸಿ. ಉಳಿದದ್ದು ಮನೆಯಲ್ಲೇ ಆಗುತ್ತದೆ. ಸ್ಟೀರರ್ (ಫೋರ್ಕಿನ ಮೇಲಿನ ಕೊಳವೆ) ಕತ್ತರಿಸುವುದು ಸ್ಟೆಮ್ಮಿನ ತಲೆಗಿಂತ 3 ಮಿ.ಮೀ. ಕೆಳಗೆ, ಮೊದಲ ತಿಂಗಳು ಉದ್ದವಾಗಿಯೇ ಬಿಟ್ಟು ಮೇಲೆ ಸ್ಪೇಸರ್ ಹಾಕಿಟ್ಟರೆ ಕತ್ತರಿಸಿ ಪರಿತಪಿಸುವುದು ತಪ್ಪುತ್ತದೆ. ಕ್ರ್ಯಾಂಕಿನ ಎರಡು ಬೋಲ್ಟ್ 12ರಿಂದ 14 ನ್ಯೂಟನ್ ಮೀಟರ್, ಸ್ಟೆಮ್ ಮತ್ತು ಸೀಟ್ ಕ್ಲ್ಯಾಂಪ್ 5ರ ಸುತ್ತ. ಕೇಬಲ್ ಹೊಸದೇ ಹಾಕಿ: ಬ್ರೇಕಿಗೆ 1.6ರ ತಂತಿ, 5 ಮಿ.ಮೀ. ಹೊದಿಕೆ, ಗೇರಿಗೆ 1.2 ಮತ್ತು 4. ಹೆಡ್‌ಸೆಟ್, ಬಾಟಮ್ ಬ್ರಾಕೆಟ್, ಕೇಬಲ್, ಕ್ಲ್ಯಾಂಪ್‌ಗಳಿಗೆಂದು ಫ್ರೇಮ್ ಬೆಲೆಯ ಕಾಲುಭಾಗ ಬೇರೆ ತೆಗೆದಿಟ್ಟುಕೊಂಡೇ ಹೊರಡಿ.

ಬಣ್ಣ ನಿಮ್ಮಿಷ್ಟ. ಬಿಳಿ ಫ್ರೇಮ್ ಕೊಂಡರೆ ವರ್ಷಕ್ಕೆ ಆರು ತಿಂಗಳು ಅದು ಕೆಂಪು ಫ್ರೇಮ್ ಎಂಬುದು ಗೊತ್ತಿರಲಿ.

ಸ್ಟೀಲ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಜೋಡಿಸುವ ಮುನ್ನ ಕಾರಿನ ಬಾಗಿಲಿನ ಒಳಪೊಳ್ಳಿಗೆ ಹೊಡೆಯುವ ಮೇಣದ ಸ್ಪ್ರೇಯನ್ನು ಪ್ರತಿ ಕೊಳವೆಗೂ ಹೊಡೆದು, ಫ್ರೇಮನ್ನು ಎಲ್ಲ ಕಡೆ ಹೊರಳಿಸಿ, ಒಂದು ರಾತ್ರಿ ನೇತುಹಾಕಿ. ಬಾಟಮ್ ಬ್ರಾಕೆಟ್ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತು ಇದೆಯೇ ನೋಡಿ. ಇದ್ದರೆ ಮೇಣ, ಮಣ್ಣು ಮುಚ್ಚಿಕೊಳ್ಳದಂತೆ ಕಡ್ಡಿ ಆಡಿಸಿ. ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಸ್ಟೀಲ್ ಫ್ರೇಮಿನಲ್ಲಿದ್ದರೆ ಧಾರಾಳ ಗ್ರೀಸು. ಕಾರ್ಬನ್ ಪೋಸ್ಟಾದರೆ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್. ಪೋಸ್ಟನ್ನು ಮಳೆ ಹಿಡಿಯುವ ಮೊದಲೊಮ್ಮೆ, ಕಕ್ಕಡದ ನಡುವೆ ಒಮ್ಮೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಇನ್ನೊಮ್ಮೆ ಹೊರಗೆಳೆದು, ಸೈಕಲ್ಲನ್ನು ತಲೆಕೆಳಗು ಮಾಡಿ ನೀರು ಬಸಿದು, ಒರೆಸಿ, ಹೊಸ ಗ್ರೀಸ್ ಹಚ್ಚಿ ಅದೇ ಗುರುತಿಗೆ ಇಳಿಸಿ. ಗುರುತಿಗೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಸಾಕು.

ಬೇರೆ ತುಂಡಾಗಿ ಬರುವ ಹ್ಯಾಂಗರಿನ ಫ್ರೇಮ್ ಕೊಂಡವರು ಆರ್ಡರ್ ಮಾಡುವಾಗಲೇ ಇನ್ನೆರಡು ಹ್ಯಾಂಗರ್ ಸೇರಿಸಿ ತರಿಸಿ. ಪ್ರತಿ ಮಾಡೆಲ್ಲಿಗೂ ಅದರದ್ದೇ ಆಕಾರ, ಎರಡು ವರ್ಷ ಬಿಟ್ಟು ಹುಡುಕಿದರೆ ಸಿಗುತ್ತದೆಂಬ ಭರವಸೆಯಿಲ್ಲ. ಪಾರ್ಸೆಲ್ ಬಸ್ಸಿನಲ್ಲಿ ಬರುವುದಾದರೆ ಹಿಂದಿನ ಡ್ರಾಪ್‌ಔಟ್, ಫೋರ್ಕ್ ಎರಡಕ್ಕೂ ನಡುವೆ ಅಡ್ಡಕಡ್ಡಿ ಕೊಟ್ಟು ಕಟ್ಟಲು ಮಾರುವವರಿಗೆ ಹೇಳಿ, ಹ್ಯಾಂಗರ್ ಬಿಚ್ಚಿ ಬೇರೆ ಪೊಟ್ಟಣದಲ್ಲಿಡಲೂ ಹೇಳಿ.